ನುಡಿನಮನಕ್ಕೆ ಹಾಡು: ಯಾರು ಹಾಡಬೇಕು, ಯಾವ ಶ್ರುತಿಯಲ್ಲಿ?

ಪ್ರಶ್ನೆ: ನಮ್ಮ ತಂದೆ ಊರಿನ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ವೈಕುಂಠ ಸಮಾರಾಧನೆಯ ದಿನ ನುಡಿನಮನದ ಜೊತೆ ಹಾಡು ಇಟ್ಟುಕೊಳ್ಳಬೇಕೆಂದಿದ್ದೇವೆ. ಆರ್ಕೆಸ್ಟ್ರಾ ಕರೆಸಿ ಅನ್ನುತ್ತಾರೆ ನೆಂಟರು. ತಂಗಿಗೆ ತಾನೇ ಹಾಡುವ ಆಸೆ, ನಡುವೆ ಅಳು ಬಂದರೆ ಎಂಬ ಹೆದರಿಕೆ. ಏನು ಮಾಡೋಣ?
– ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ಆರ್ಕೆಸ್ಟ್ರಾ ಬೇಡ. ನಿಮ್ಮ ತಂದೆಗೆ ಯಾವ ಪದ ಪ್ರಿಯ, ಯಾವ ಚರಣವನ್ನು ಎರಡು ಸಲ ಹಾಡಿಸುತ್ತಿದ್ದರು ಎಂಬುದು ಜೊತೆಗೆ ಕೂತು ಹಾಡಿದ ಮಂಡಳಿಯವರಿಗೇ ಗೊತ್ತು. ಅವರನ್ನೇ ಕೇಳಿ ನಾಲ್ಕು ಪದ ಆರಿಸಿ, ಹೆಚ್ಚು ಬೇಡ. ಭಜನೆಯಲ್ಲಿ ಪಲ್ಲವಿ ಮರಳಿ ಮರಳಿ ಬರುವುದರಿಂದ ಐದು ನಿಮಿಷದ್ದೆಂದುಕೊಂಡ ಪದ ಎಂಟಕ್ಕೆ ಹೋಗುತ್ತದೆ. ಪುರೋಹಿತರು ಎಷ್ಟು ಹೊತ್ತಿಗೆ ಮುಗಿಸುತ್ತಾರೆಂದು ಮೊದಲೇ ಕೇಳಿಕೊಂಡು, ಎಲೆ ಹಾಕುವ ಮುಂಚೆ ಮುಕ್ಕಾಲು ಗಂಟೆ ಬಿಡುವು ಮಾಡಿಕೊಳ್ಳಿ. ಬಡಿಸುವ ಗಲಾಟೆಯಲ್ಲಿ ಹಾಡಿದರೆ ಯಾರ ಕಿವಿಗೂ ಬೀಳದು.

ತಂದೆಯವರ ಹಾರ್ಮೋನಿಯಂನ್ನೇ ನುಡಿಸುವುದಾದರೆ ಇವತ್ತೇ ತೆಗೆದು ನೋಡಿ. ಮನೆ (ಬೆರಳಿನಿಂದ ಒತ್ತುವ ಕೀಲಿ) ಒತ್ತದೆಯೂ ಒಂದು ಸ್ವರ ಕೂಗುತ್ತಲೇ ಇದ್ದರೆ ಆ ಮನೆಯ ಕೆಳಗೆ ಧೂಳು ಕೂತಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ರಿಪೇರಿಯವರಿಗೆ ಇದು ಸಣ್ಣ ಕೆಲಸ. ಎಷ್ಟು ತಿದಿ ಒತ್ತಿದರೂ ಗಾಳಿ ನಿಲ್ಲದಿದ್ದರೆ ತಿದಿಯೇ ಹರಿದಿರಬಹುದು, ಅದಕ್ಕೆ ಸಮಯ ಬೇಕು. ಆಗ ಬೇರೆ ಹಾರ್ಮೋನಿಯಂ ಪೆಟ್ಟಿಗೆ ತಂದು, ಇದನ್ನು ಅವರ ಫೋಟೋ ಪಕ್ಕದಲ್ಲಿಡಿ. ಹಳೆಯ ಪೆಟ್ಟಿಗೆಗಳ ಶ್ರುತಿ ಎಲೆಕ್ಟ್ರಾನಿಕ್ ತಂಬೂರಿಗೆ ಸರಿಯಾಗಿ ಕೂರದಿರುವುದುಂಟು. ಪೆಟ್ಟಿಗೆಯೊಳಗೆ ಸ್ವರ ಹೊರಡಿಸುವ ರೀಡನ್ನು ಆ ದಿನ ತಿದ್ದಲಾಗದು. ತಂಬೂರಿಯ ಫೈನ್ ಟ್ಯೂನ್ ತಿರುಗಿಸಿ ಪೆಟ್ಟಿಗೆಗೆ ಹೊಂದಿಸಿ.

ತಂಗಿ ಹಾಡಲಿ, ಖಂಡಿತ ಹಾಡಲಿ. ದುಃಖಕ್ಕೆ ಗಂಟಲು ಬಿಗಿದಾಗ ಮೊದಲು ಕೈಕೊಡುವುದು ಮೇಲಿನ ಸ್ವರ. ಆಕೆ ಕಪ್ಪು ನಾಲ್ಕರಲ್ಲಿ (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯನ್ನು ‘ಸ’ ಮಾಡಿಕೊಂಡು) ಹಾಡುವವರಾದರೆ ಬಿಳಿ ಐದಕ್ಕೆ, ಇಲ್ಲವೇ ಕಪ್ಪು ಮೂರಕ್ಕೆ ಇಳಿಸಿ. ಅದಕ್ಕೂ ಕೆಳಗೆ ಹೋದರೆ ಮಂದ್ರದ, ಅಂದರೆ ಕೆಳಸ್ಥಾಯಿಯ, ಸಾಲುಗಳು ಕೇಳಿಸುವುದೇ ಇಲ್ಲ. ಶ್ರುತಿ ಬದಲಾದರೆ ತಬಲಾವನ್ನೂ ಮತ್ತೆ ಕೂಡಿಸಬೇಕಾಗುತ್ತದೆ. ಸಭೆಯಲ್ಲಿ ಸುತ್ತಿಗೆ ಹಿಡಿದು ಕೂರುವ ಬದಲು ಆಕೆಯ ಪದಕ್ಕೆ ಹಾರ್ಮೋನಿಯಂ, ತಾಳ ಮಾತ್ರ ಇರಲಿ. ಒಂದು ಮಾತು ಮಂಡಳಿಯವರಿಗೆ ಮುಂಚೆಯೇ ಹೇಳಿರಿ: ಆಕೆ ನಿಂತರೆ ಹಾರ್ಮೋನಿಯಂ ನಿಲ್ಲಬಾರದು, ಎಲ್ಲರೂ ಪಲ್ಲವಿ ಎತ್ತಿಕೊಳ್ಳಬೇಕು. ಚೇತರಿಸಿಕೊಂಡು ಮುಂದಿನ ಚರಣಕ್ಕೆ ಬರುತ್ತಾರೆ. ಬರದಿದ್ದರೂ ಪದ ಪೂರ್ತಿಯಾಗುತ್ತದೆ.

ಐವತ್ತು ಜನರ ಒಳಗಿದ್ದರೆ ಮೈಕೇ ಬೇಡ. ಕಲ್ಯಾಣ ಮಂಟಪವಾದರೆ ಸ್ಪೀಕರ್‌ಗಳು ಹಾಡುವವರಿಗಿಂತ ಮುಂದಿರಲಿ, ಹಿಂದಿದ್ದರೆ ಕೂಗುತ್ತವೆ. ಎಕೋ ಪೂರ್ತಿ ತೆಗೆಸಿ. ಟೈಲ್ಸ್ ಗೋಡೆಯ ಪ್ರತಿಧ್ವನಿಯೇ ಸಾಕಷ್ಟಿರುತ್ತದೆ, ಅದರ ಮೇಲೆ ಎಕೋ ಸೇರಿದರೆ ಸಾಹಿತ್ಯ ಅರ್ಥವಾಗದು.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ವಿಡಿಯೋ ಕಾಲ್‌ನಲ್ಲಿ ನಮ್ಮ ಜೊತೆ ಹಾಡಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಜೊತೆಯಲ್ಲಿ ಆಗದು. ದನಿ ತಡವಾಗಿ ತಲುಪುವುದರಿಂದ ತಾಳ ಕೂಡುವುದಿಲ್ಲ. ಒಂದು ಪದ ಅವರೊಬ್ಬರೇ ಹಾಡಲಿ, ತಂಬೂರಿ ಅವರ ಕಡೆಯೇ ಇರಲಿ, ನೀವು ಮೈಕ್ ಮ್ಯೂಟ್ ಮಾಡಿ ಕೇಳಿ. ಝೂಮ್ ಆದರೆ ಅವರ ಕಡೆ ‘ಒರಿಜಿನಲ್ ಸೌಂಡ್’ ಆನ್ ಮಾಡಿಸಿ. ಇಲ್ಲದಿದ್ದರೆ ತಂಬೂರಿ ನಾದವನ್ನು ಅದು ಗದ್ದಲವೆಂದು ತಿಳಿದು ಅಳಿಸಿಬಿಡುತ್ತದೆ. ನೆಟ್ ಕೈಕೊಟ್ಟರೆ ಹಾಕಲು ಅದೇ ಪದದ ರೆಕಾರ್ಡಿಂಗನ್ನು ಹಿಂದಿನ ದಿನವೇ ತರಿಸಿಟ್ಟುಕೊಳ್ಳಿ.