ಅತಿ ಹೆಚ್ಚು ಮಾರಾಟವಾದ ಕಂಪ್ಯೂಟರ್ ಗೇಮ್‌ಗಳು ಯಾವುವು? ಗುಂಡು ಹಾರಿಸುವ ಆಟಗಳು ಮಾತ್ರ ಹಣ ಮಾಡುತ್ತವೆಯೇ?

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಇದುವರೆಗೆ ಅತಿ ಹೆಚ್ಚು ಮಾರಾಟವಾದ ಕಂಪ್ಯೂಟರ್ ಆಟಗಳು ಯಾವುವು ಎಂಬುದು ಒಂದು. ಗೆಳೆಯರೊಡನೆ ಸೇರಿ ಆಟವೊಂದನ್ನು ತಯಾರಿಸಲು ಹೊರಟಿರುವ ನಿಮಗೆ, ಗುಂಡು ಹಾರಿಸುವ ಆಟವಲ್ಲದಿದ್ದರೆ ಮಾರುಕಟ್ಟೆಯಲ್ಲಿ ಉಳಿಗಾಲವಿಲ್ಲ ಎಂದು ಪರಿಚಿತರು ಹೇಳುತ್ತಿರುವ ಮಾತು ನಿಜವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು: ಘನಾಕಾರದ ಇಟ್ಟಿಗೆಗಳನ್ನು ಜೋಡಿಸಿ ಬೇಕಾದ್ದನ್ನು ಕಟ್ಟುವ ಆಟವಾದ ಮೈನ್‌ಕ್ರಾಫ್ಟ್ ಮೊದಲ ಸ್ಥಾನದಲ್ಲಿದೆ, 2023ರ ಅಕ್ಟೋಬರ್‌ನಲ್ಲಿಯೇ ಅದರ ಮಾರಾಟ 30 ಕೋಟಿ ಪ್ರತಿಗಳನ್ನು ದಾಟಿತ್ತು, ಗ್ರ್ಯಾಂಡ್ ಥೆಫ್ಟ್ ಆಟೋ 5 ಎರಡನೆಯದು, ಅದೂ 20 ಕೋಟಿಯನ್ನು ದಾಟಿದೆ. ಎರಡನೆಯ ಪ್ರಶ್ನೆಗೆ ನನ್ನ ಉತ್ತರ ‘ಇಲ್ಲ’ ಎಂಬುದು. ಕೆಲವು ವರ್ಷ ಬೆಂಗಳೂರಿನಲ್ಲಿ ಆಟಗಳಿಗೆ ಚಿತ್ರ ರಚಿಸುವ ಕೆಲಸ ಮಾಡಿದವನಾದ್ದರಿಂದ ಈ ವಿಷಯದ ಬಗ್ಗೆ ನನಗೆ ಆಸ್ಥೆಯಿದೆ, ಹಾಗಾಗಿ ಉತ್ತರ ಸ್ವಲ್ಪ ದೀರ್ಘವಾಗುತ್ತದೆ.

ಮೇಲೆ ಹೇಳಿದ ಎರಡೂ ಸಂಖ್ಯೆಗಳಲ್ಲಿ ಕಂಪ್ಯೂಟರ್‌ನ ಜೊತೆಗೆ ಕನ್ಸೋಲ್‌ಗಳ (ಟಿವಿಗೆ ಜೋಡಿಸಿ ಆಡುವ ಯಂತ್ರಗಳ) ಮಾರಾಟ ಸೇರಿದೆ, ಮೈನ್‌ಕ್ರಾಫ್ಟ್‌ನ ವಿಷಯದಲ್ಲಿ ಮೊಬೈಲ್‌ನದೂ ಸೇರಿದೆ. ಕಂಪ್ಯೂಟರ್ ಆಟಗಳ ಚರಿತ್ರೆಯನ್ನಷ್ಟೇ ತೆಗೆದುಕೊಂಡು, ಮೂರು ದಶಕಗಳಲ್ಲಿ ಮಾರಾಟದ ದಾಖಲೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ನೋಡಿದರೆ, ನಿಮ್ಮ ಪರಿಚಿತರ ಮಾತು ಎಷ್ಟು ದುರ್ಬಲ ಎಂಬುದು ಗೊತ್ತಾಗುತ್ತದೆ.

1993ರಿಂದ ಆರಂಭಿಸೋಣ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಯಾನ್ ಎಂಬ ಚಿಕ್ಕ ಸಂಸ್ಥೆಯಿಂದ ಮಿಸ್ಟ್ ಎಂಬ ಆಟ ಬಂದಿತು. ರ‍್ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು ಅದನ್ನು ಮ್ಯಾಕಿಂಟಾಷ್ ಯಂತ್ರದಲ್ಲಿ ಹೈಪರ್‌ಕಾರ್ಡ್ ಎಂಬ ತಂತ್ರಾಂಶವನ್ನು ಬಳಸಿ ಕಟ್ಟಿದ್ದರು. ಸುಮಾರು 2,500 ಸ್ಥಿರಚಿತ್ರಗಳನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡು, ಆಟಗಾರ ಮೌಸ್ ಒತ್ತಿದಂತೆ ಒಂದರ ನಂತರ ಒಂದನ್ನು ತೋರಿಸುವುದು ಅದರ ವಿಧಾನ. ನಿರ್ಜನ ದ್ವೀಪವೊಂದರಲ್ಲಿ ಅಲೆದಾಡುತ್ತಾ, ಯಂತ್ರಗಳ ಗುಟ್ಟನ್ನು ಬಿಡಿಸುತ್ತಾ, ಅಲ್ಲಿ ನಡೆದದ್ದೇನು ಎಂಬುದನ್ನು ಕಂಡುಕೊಳ್ಳಬೇಕು. ಅದರಲ್ಲಿ ಆಟಗಾರ ಸಾಯುವುದಿಲ್ಲ, ಯಾರನ್ನೂ ಕೊಲ್ಲುವುದೂ ಇಲ್ಲ. ಸಿಡಿ ಡ್ರೈವ್‌ಗಳು ಆಗತಾನೇ ಮನೆಗಳಿಗೆ ಬರುತ್ತಿದ್ದ ಕಾಲ ಅದು. ದುಬಾರಿ ಹಣ ತೆತ್ತು ಡ್ರೈವ್ ಕೊಂಡವರು ಅದರ ಸಾಮರ್ಥ್ಯವನ್ನು ಬಂಧುಮಿತ್ರರಿಗೆ ತೋರಿಸಬೇಕೆಂದರೆ ಹಾಕುತ್ತಿದ್ದುದು ಮಿಸ್ಟ್ ಅನ್ನು. 60 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿ, 2002ರವರೆಗೆ ಅತಿ ಹೆಚ್ಚು ಮಾರಾಟವಾದ ಪಿಸಿ ಆಟವೆಂಬ ಸ್ಥಾನ ಅದರದಾಗಿತ್ತು.

ಅದೇ 1993ರ ಡಿಸೆಂಬರ್‌ನಲ್ಲಿ ಐಡಿ ಸಾಫ್ಟ್‌ವೇರ್ ಸಂಸ್ಥೆಯ ಡೂಮ್ ಬಂದಿತು. ಇಂದಿನ ಗುಂಡಿನ ಆಟಗಳಿಗೆಲ್ಲ ಅದೇ ಮೂಲಪುರುಷ ಎಂದರೆ ತಪ್ಪಿಲ್ಲ. ಮೊದಲ ಕಂತನ್ನು ಉಚಿತವಾಗಿ ಹಂಚಿ, ಮುಂದಿನ ಕಂತುಗಳಿಗೆ ಅಂಚೆಯ ಮೂಲಕ ಹಣ ತರಿಸಿಕೊಳ್ಳುವ ಪದ್ಧತಿಯನ್ನು ಅದು ಅನುಸರಿಸಿದ್ದರಿಂದ, ಆಡಿದವರ ಸಂಖ್ಯೆಯೂ ಕೊಂಡವರ ಸಂಖ್ಯೆಯೂ ಒಂದಕ್ಕೊಂದು ಹೊಂದುವುದೇ ಇಲ್ಲ. ಪ್ರಭಾವದ ದೃಷ್ಟಿಯಿಂದ ಡೂಮ್ ಬಹುಶಃ ಮಿಸ್ಟ್‌ಗಿಂತ ದೊಡ್ಡದು. ಆದರೆ ಮಾರಾಟದ ಪಟ್ಟಿಯಲ್ಲಿ ಗೆದ್ದದ್ದು, ಅದುವರೆಗೆ ಆಟವನ್ನೇ ಕೊಳ್ಳದಿದ್ದ ಜನರ ಮನೆಗೆ ಹೊಕ್ಕ ಮಿಸ್ಟ್.

ಮಿಸ್ಟ್‌ನ ದಾಖಲೆಯನ್ನು ಮುರಿದದ್ದು ದಿ ಸಿಮ್ಸ್. ಇದರ ಕಥೆಯನ್ನು ಆಟ ತಯಾರಿಸಹೊರಟ ಪ್ರತಿಯೊಬ್ಬರೂ ತಿಳಿದಿರಬೇಕು ಎಂದು ನನಗನ್ನಿಸುತ್ತದೆ. ಸಿಮ್‌ಸಿಟಿ ಎಂಬ ನಗರ ನಿರ್ಮಾಣದ ಆಟದಿಂದ 1989ರಲ್ಲಿಯೇ ಹೆಸರು ಮಾಡಿದ್ದ ವಿಲ್ ರೈಟ್ ಅವರ ಮನೆ 1991ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಬೆಟ್ಟಗಳ ಕಾಡ್ಗಿಚ್ಚಿಗೆ ಸಿಕ್ಕಿ ಬೂದಿಯಾಯಿತು. ಸುಟ್ಟುಹೋದ ಸಂಸಾರವನ್ನು ಮತ್ತೆ ಹೂಡುವಾಗ, ಯಾವ ವಸ್ತು ಮೊದಲು ಬೇಕು, ಯಾವುದು ಆಮೇಲೆ ಬಂದರೂ ಆದೀತು, ಮನುಷ್ಯನಿಗೆ ಮನೆಯಿಂದ ನಿಜಕ್ಕೂ ಸಿಗುವುದೇನು ಎಂಬ ಯೋಚನೆಯಿಂದ ಆ ಆಟ ಹುಟ್ಟಿತು. ಮನೆ ಕಟ್ಟುವುದು, ಅಡುಗೆ ಮಾಡುವುದು, ಕೆಲಸಕ್ಕೆ ಹೋಗುವುದು, ಪಕ್ಕದ ಮನೆಯವರೊಡನೆ ಮಾತಾಡುವುದು, ಇವೇ ಅದರ ಆಟ. ರೈಟ್ ಅವರ ಸಂಸ್ಥೆಯಾದ ಮ್ಯಾಕ್ಸಿಸ್‌ನ ಆಡಳಿತದವರಿಗೆ ಈ ಕಲ್ಪನೆಯಲ್ಲಿ ಹೆಚ್ಚಿನ ಭರವಸೆಯಿರಲಿಲ್ಲ. 1997ರಲ್ಲಿ ಆಟಗಳ ದೊಡ್ಡ ಪ್ರಕಾಶನ ಸಂಸ್ಥೆಯಾದ ಎಲೆಕ್ಟ್ರಾನಿಕ್ ಆರ್ಟ್ಸ್ ಆ ಸಂಸ್ಥೆಯನ್ನು ಕೊಂಡುಕೊಂಡ ಮೇಲೆಯೇ ಅದಕ್ಕೆ ಬೇಕಾದ ಬೆಂಬಲ ದೊರೆತು, 2000ದ ಫೆಬ್ರವರಿಯಲ್ಲಿ ಆಟ ಅಂಗಡಿಗಳಿಗೆ ಬಂದಿತು.

ಎರಡೇ ವರ್ಷಗಳಲ್ಲಿ, 2002ರ ಮಾರ್ಚ್ ಹೊತ್ತಿಗೆ, 63 ಲಕ್ಷ ಪ್ರತಿಗಳು ಮಾರಾಟವಾಗಿದ್ದವು. ಕಂಪ್ಯೂಟರ್ ಆಟವೆಂದರೆ ಗಂಡುಹುಡುಗರದು ಎಂದು ಉದ್ಯಮವೇ ನಂಬಿದ್ದ ಕಾಲದಲ್ಲಿ ಇದನ್ನು ಆಡಿದವರಲ್ಲಿ ಮಹಿಳೆಯರ ಪಾಲು ಬಹಳ ದೊಡ್ಡದಾಗಿತ್ತು. ಅಂದರೆ ಈಗಾಗಲೇ ಇದ್ದ ಕೊಳ್ಳುಗರಿಗಾಗಿ ಹತ್ತು ಜನರೊಡನೆ ಹೊಡೆದಾಡುವ ಬದಲು, ಯಾರೂ ಬಾಗಿಲು ತಟ್ಟದಿದ್ದ ಅರ್ಧ ಜಗತ್ತಿನ ಬಾಗಿಲನ್ನು ಅದು ತಟ್ಟಿತು. ಹಣದ ಲೆಕ್ಕದಲ್ಲಿ ಇನ್ನೂ ಮುಖ್ಯವಾದ ವಿಷಯವೊಂದಿದೆ. 2000 ಮತ್ತು 2003ರ ನಡುವೆ ಮೂಲ ಆಟಕ್ಕೆ ಹೊಸ ಸಾಮಗ್ರಿಗಳನ್ನು ಸೇರಿಸುವ ಏಳು ಎಕ್ಸ್‌ಪ್ಯಾನ್ಶನ್ ಪ್ಯಾಕ್‌ಗಳು ಬಂದವು. ಮೂಲ ಆಟವಿಲ್ಲದೆ ಅವು ನಡೆಯುವುದಿಲ್ಲ, ಆದರೆ ಪ್ರತಿಯೊಂದಕ್ಕೂ ಬೇರೆಯೇ ಬೆಲೆ. ಒಮ್ಮೆ ಕೊಂಡವರು ಮತ್ತೆ ಮತ್ತೆ ಕೊಳ್ಳತೊಡಗಿದರು. ಈ ಪದ್ಧತಿ ಎಷ್ಟು ಲಾಭದಾಯಕವಾಯಿತೆಂದರೆ, ಅದೇ ಸರಣಿಯಲ್ಲಿ 2014ರಲ್ಲಿ ಬಂದ ದಿ ಸಿಮ್ಸ್ 4ರ ಮೂಲ ಆಟವನ್ನು 2022ರ ಅಕ್ಟೋಬರ್‌ನಿಂದ ಉಚಿತವಾಗಿಯೇ ಕೊಡಲಾಗುತ್ತಿದೆ. ಆದಾಯ ಬರುವುದು ಅದರ ಮೇಲೆ ಕೊಳ್ಳುವ ಸಾಮಗ್ರಿಗಳಿಂದ. ಅತಿಯಾದ ಪ್ಯಾಕ್‌ಗಳ ಮಾರಾಟ ಆಟಗಾರರ ಮೇಲೆ ಹೊರೆಯೆಂಬ ದೂರಿನಲ್ಲಿ ಸತ್ಯವಿದೆ ಎಂದೇ ನಾನು ಭಾವಿಸುತ್ತೇನೆ, ಆದರೆ ಆ ಸರಣಿ ಇಪ್ಪತ್ತು ವರ್ಷ ಬದುಕಿದ್ದು ಇದರಿಂದಲೇ ಎಂಬುದನ್ನೂ ಒಪ್ಪಬೇಕು.

ಮಿಸ್ಟ್ ಮತ್ತು ದಿ ಸಿಮ್ಸ್ ನಂತರ ಈ ಸಾಲಿನಲ್ಲಿ ಮೂರನೆಯದು ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಬೇರೆ ಕಡೆ ನೌಕರಿಯಲ್ಲಿದ್ದುಕೊಂಡೇ ಬಿಡುವಿನಲ್ಲಿ ಬರೆದು, 2009ರ ಮೇ ತಿಂಗಳಲ್ಲಿ ಅರೆಬರೆ ರೂಪದಲ್ಲಿಯೇ ಜನರ ಮುಂದಿಟ್ಟ ಆಟ ಇದು. ಜಾಹೀರಾತು ಇರಲಿಲ್ಲ, ಪ್ರಕಾಶನ ಸಂಸ್ಥೆಯೂ ಇರಲಿಲ್ಲ. ಅಪೂರ್ಣ ಆವೃತ್ತಿಗೆ ಸುಮಾರು 10 ಯೂರೋ ಬೆಲೆಯಿಟ್ಟು, ಈಗ ಕೊಂಡವರಿಗೆ ಮುಂದಿನ ಸುಧಾರಣೆಗಳೆಲ್ಲ ಉಚಿತವೆಂದು ಹೇಳಿ, ಆಟ ಬೆಳೆದಂತೆಲ್ಲ ಬೆಲೆಯನ್ನು ಏರಿಸುತ್ತಾ ಹೋದರು. ಸಾಮಾನ್ಯವಾಗಿ ಆಟಗಳ ಬೆಲೆ ಕಾಲ ಕಳೆದಂತೆ ಇಳಿಯುತ್ತದೆ. ಇಲ್ಲಿ ನಡೆದದ್ದು ಅದಕ್ಕೆ ತದ್ವಿರುದ್ಧ. ಆಟಗಾರರು ತಾವು ಕಟ್ಟಿದ ಕೋಟೆ, ಸೇತುವೆ, ಯಂತ್ರಗಳ ವಿಡಿಯೋಗಳನ್ನು ಯೂಟ್ಯೂಬ್‌ಗೆ ಹಾಕಿದರು, ಅದೇ ಪ್ರಚಾರವಾಯಿತು. 2011ರ ಜನವರಿಯಲ್ಲಿ, ಆಟದ ಪೂರ್ಣ ಆವೃತ್ತಿ ಬರುವುದಕ್ಕೆ ಹತ್ತು ತಿಂಗಳ ಮೊದಲೇ, ಮಾರಾಟ 10 ಲಕ್ಷ ಮುಟ್ಟಿತ್ತು. 2014ರಲ್ಲಿ ಮೈಕ್ರೋಸಾಫ್ಟ್ ಪರ್ಸನ್ ಅವರ ಸಂಸ್ಥೆಯಾದ ಮೊಜಾಂಗ್ ಅನ್ನು 250 ಕೋಟಿ ಡಾಲರ್‌ಗೆ ಕೊಂಡಿತು. ಮುಂದಿನ ಭಾಗಗಳನ್ನು ಹೊರಡಿಸಿ ಹಳೆಯದನ್ನು ಮೂಲೆಗೆ ತಳ್ಳುವ ಬದಲು ಒಂದೇ ಆಟವನ್ನು ವರ್ಷವರ್ಷವೂ ಹಿಗ್ಗಿಸುತ್ತಾ ಬಂದದ್ದರಿಂದ, 2009ರಲ್ಲಿ ಕೊಂಡವನೂ ಇಂದು ಕೊಳ್ಳುವ ಎಂಟು ವರ್ಷದ ಮಗುವೂ ಒಂದೇ ಆಟದ ಕೊಳ್ಳುಗರಾಗಿ ಲೆಕ್ಕಕ್ಕೆ ಸಿಗುತ್ತಾರೆ. 30 ಕೋಟಿಯ ಹಿಂದಿನ ಮುಖ್ಯ ಕಾರಣ ಇದು ಎಂಬುದು ನನ್ನ ಅಭಿಪ್ರಾಯ.

ಗುಂಡಿನ ಮತ್ತು ಕಾದಾಟದ ಆಟಗಳು ಸೋಲುತ್ತವೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಗ್ರ್ಯಾಂಡ್ ಥೆಫ್ಟ್ ಆಟೋ 5 ಹಿಂಸೆ ತುಂಬಿದ ಆಟ. 2013ರ ಸೆಪ್ಟೆಂಬರ್‌ನಲ್ಲಿ ಕನ್ಸೋಲ್‌ಗಳಿಗೆ ಬಂದ ಮೂರೇ ದಿನಗಳಲ್ಲಿ 100 ಕೋಟಿ ಡಾಲರ್ ವಹಿವಾಟು ನಡೆಸಿತು. 2017ರಲ್ಲಿ ಬಂದ ಪಬ್‌ಜಿ ಕಂಪ್ಯೂಟರ್ ಮತ್ತು ಕನ್ಸೋಲ್‌ಗಳಲ್ಲಿ ಏಳು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಸೈನ್ಯ ಕಟ್ಟಿ ಕಾದಾಡುವ ಆಟವಾದ 1998ರ ಸ್ಟಾರ್‌ಕ್ರಾಫ್ಟ್, ಆರ್ಥಿಕ ಬಿಕ್ಕಟ್ಟಿನ ನಂತರದ ದಕ್ಷಿಣ ಕೊರಿಯಾದಲ್ಲಿ ಬೀದಿಬೀದಿಗೂ ತೆರೆದ ಪಿಸಿ ಬಾಂಗ್ ಎಂಬ ಗೇಮಿಂಗ್ ಕೆಫೆಗಳಿಂದಾಗಿ ಅಲ್ಲಿ ಟಿವಿಯಲ್ಲಿ ನೇರಪ್ರಸಾರವಾಗುವ ಕ್ರೀಡೆಯಾಗಿಯೇ ಬೆಳೆಯಿತು. ಇವು ಗೆದ್ದದ್ದು ಬರಿಯ ಗುಂಡಿನಿಂದಲ್ಲ ಎಂಬುದನ್ನು ಮಾತ್ರ ಗಮನಿಸಿ. ಗ್ರ್ಯಾಂಡ್ ಥೆಫ್ಟ್ ಆಟೋ 5ರಲ್ಲಿ ಇಡೀ ಊರೊಂದನ್ನು ಸುತ್ತುವ ಸ್ವಾತಂತ್ರ್ಯವಿದೆ, ಮತ್ತು ಅದರ ಆನ್‌ಲೈನ್ ಭಾಗದಲ್ಲಿ ಆಟದೊಳಗಿನ ಹಣವನ್ನು ನಿಜವಾದ ಹಣ ಕೊಟ್ಟು ಕೊಳ್ಳುವ ವ್ಯವಸ್ಥೆಯಿದೆ. 2020ರ ಮೇ ತಿಂಗಳಲ್ಲಿ ಎಪಿಕ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಅದನ್ನು ಒಂದು ವಾರ ಉಚಿತವಾಗಿ ಹಂಚಿದರೂ ಮಾರಾಟ ನಿಲ್ಲಲಿಲ್ಲ. ಹೊಸದಾಗಿ ಬಂದ ಪ್ರತಿಯೊಬ್ಬರೂ ಆನ್‌ಲೈನ್ ಭಾಗಕ್ಕೆ ಸಂಭಾವ್ಯ ಗ್ರಾಹಕರೇ ಆಗಿದ್ದರು.

ಪ್ರತಿಗಳ ಸಂಖ್ಯೆಯನ್ನು ಲಾಭದ ಅಳತೆಯೆಂದು ತಿಳಿಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಆನ್‌ಲೈನ್‌ನಲ್ಲಿ ಸಾವಿರಾರು ಜನ ಒಂದೇ ಲೋಕದಲ್ಲಿ ಸೇರಿ ಆಡುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2010ರಲ್ಲಿ ಉತ್ತುಂಗದಲ್ಲಿದ್ದಾಗ ಅದಕ್ಕೆ 1.2 ಕೋಟಿ ಚಂದಾದಾರರಿದ್ದರು. ಅಮೆರಿಕದಲ್ಲಿ ಅವರು ತಿಂಗಳಿಗೆ 15 ಡಾಲರ್‌ನಷ್ಟು ಕೊಡುತ್ತಿದ್ದರು, ಚೀನಾದಲ್ಲಿ ಆಡಿದ ಗಂಟೆಗಳಿಗೆ ತಕ್ಕಂತೆ ಹಣ ಕಟ್ಟುತ್ತಿದ್ದರು. ಮಾರಾಟದ ಪಟ್ಟಿಯಲ್ಲಿ ಅದು ಕೆಳಗಿದ್ದರೂ, ವರ್ಷಗಟ್ಟಲೆ ಚಂದಾ ಕಟ್ಟಿದ ಒಬ್ಬ ಆಟಗಾರನಿಂದ ಬಂದ ಹಣ ಬೇರೆ ಆಟದ ಹತ್ತಾರು ಪ್ರತಿಗಳಿಗೆ ಸಮ. ಫೋರ್ಟ್‌ನೈಟ್‌ನ ಬ್ಯಾಟಲ್ ರಾಯಲ್ (ಕೊನೆಗೆ ಉಳಿದವರೇ ಗೆಲ್ಲುವ ಕಾದಾಟ) ಆಡಲು ಕಾಸು ಕೊಡಬೇಕಿಲ್ಲ, ಆದರೂ 2018 ಮತ್ತು 2019ರಲ್ಲಿ ಅದು ಗಳಿಸಿದ್ದು 900 ಕೋಟಿ ಡಾಲರ್‌ಗೂ ಹೆಚ್ಚು ಎಂಬುದು ನ್ಯಾಯಾಲಯದ ದಾಖಲೆಗಳಿಂದ ಹೊರಬಂದಿದೆ. ನಮ್ಮ ಸೈಬರ್ ಕೆಫೆಗಳ ಕಾಲದಿಂದಲೂ ಎಲ್ಲರಿಗೂ ಗೊತ್ತಿರುವ ಕೌಂಟರ್-ಸ್ಟ್ರೈಕ್‌ನ ಗ್ಲೋಬಲ್ ಅಫೆನ್ಸಿವ್ ಆವೃತ್ತಿ 2018ರ ಡಿಸೆಂಬರ್‌ನಲ್ಲಿ ಉಚಿತವಾಯಿತು. ಆಯುಧದ ಮೇಲಿನ ಬಣ್ಣದ ಚಿತ್ತಾರಗಳನ್ನು ಆಟಗಾರರು ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಮಾರುಕಟ್ಟೆಯಲ್ಲಿ ಪರಸ್ಪರ ಮಾರಿಕೊಂಡಾಗಲೆಲ್ಲ ಅದನ್ನು ನಡೆಸುವ ವಾಲ್ವ್ ಸಂಸ್ಥೆಗೆ ಪಾಲು ಸಲ್ಲುತ್ತದೆ.

ಇಷ್ಟು ಹೇಳಿದ ಮೇಲೆ ನಿಮ್ಮ ಸ್ಥಿತಿಗೆ ಬರುತ್ತೇನೆ. ನಾಲ್ಕೈದು ಜನರ ತಂಡ ಆನ್‌ಲೈನ್ ಗುಂಡಿನ ಆಟ ತಯಾರಿಸುವುದು ನನಗೆ ಅತ್ಯಂತ ಅಪಾಯಕಾರಿ ದಾರಿಯಾಗಿ ಕಾಣುತ್ತದೆ. ಸರ್ವರ್‌ಗಳ ಖರ್ಚು, ಮೋಸಗಾರರನ್ನು ತಡೆಯುವ ಕೆಲಸ, ದಿನದ ಎಲ್ಲ ಹೊತ್ತಿನಲ್ಲೂ ಎದುರಾಳಿಗಳು ಸಿಗುವಷ್ಟು ಆಟಗಾರರು, ಇವೆಲ್ಲ ಮೊದಲ ದಿನದಿಂದಲೇ ಬೇಕು. ಅದರ ಬದಲು ಸ್ಟಾರ್‌ಡ್ಯೂ ವ್ಯಾಲಿಯನ್ನು ನೋಡಿ. ಎರಿಕ್ ಬ್ಯಾರೋನ್ ಎಂಬೊಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಕಥೆ, ಚಿತ್ರ, ಸಂಗೀತ, ಪ್ರೋಗ್ರಾಮ್ ಎಲ್ಲವನ್ನೂ ತಾವೇ ಮಾಡಿ 2016ರ ಫೆಬ್ರವರಿಯಲ್ಲಿ ಹೊರತಂದ, ಹೊಲ ಉಳುವ, ಬೆಳೆ ತೆಗೆಯುವ, ಊರಿನವರೊಡನೆ ಬಾಳುವ ಆಟ ಅದು. 2024ರ ಕೊನೆಯ ಹೊತ್ತಿಗೆ ಅದರ ಮಾರಾಟ ನಾಲ್ಕು ಕೋಟಿಯನ್ನು ದಾಟಿತ್ತು. ಆಮೇಲಿನ ದೊಡ್ಡ ದೊಡ್ಡ ಸೇರ್ಪಡೆಗಳನ್ನೂ ಅವರು ಉಚಿತವಾಗಿ ಕೊಟ್ಟರು, ಪ್ರತಿ ಸೇರ್ಪಡೆಯೂ ಹೊಸ ಕೊಳ್ಳುಗರನ್ನು ಕರೆತಂದಿತು. ಇಂಥ ಯಶಸ್ಸು ಅಪರೂಪ, ಎಲ್ಲರಿಗೂ ಸಿಗುವುದಿಲ್ಲ. ಆದರೆ ಚಿಕ್ಕ ತಂಡಕ್ಕೆ ನಿಲುಕುವ ಪ್ರಮಾಣದ ಕೆಲಸ ಯಾವುದು ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ.

ಬೆಂಗಳೂರಿಗೆ ಈ ಉದ್ಯಮ ಹೊಸದಲ್ಲ ಎಂಬುದೂ ನಿಮಗೆ ಧೈರ್ಯ ಕೊಡಲಿ. 1997ರಲ್ಲಿಯೇ ಇಲ್ಲಿ ಧ್ರುವ ಇಂಟರ್‌ಆಕ್ಟಿವ್ ಆರಂಭವಾಗಿ, ಹೊರದೇಶಗಳ ದೊಡ್ಡ ಆಟಗಳಿಗೆ ಚಿತ್ರ ರಚಿಸಿಕೊಡುವ ಕೆಲಸದಲ್ಲಿ ಹೆಸರು ಗಳಿಸಿತು. ಗ್ರ್ಯಾಂಡ್ ಥೆಫ್ಟ್ ಆಟೋದ ತಯಾರಕರಾದ ರಾಕ್‌ಸ್ಟಾರ್ ಇಲ್ಲಿ ತಮ್ಮದೇ ಸ್ಟುಡಿಯೋ ತೆರೆದು, 2019ರಲ್ಲಿ ಧ್ರುವವನ್ನೂ ಕೊಂಡುಕೊಂಡರು. ಆದರೆ ಗುತ್ತಿಗೆಯ ಮೇಲೆ ಚಿತ್ರ ಬರೆದುಕೊಡುವ ಕೆಲಸದಲ್ಲಿ ಸಾಮಾನ್ಯವಾಗಿ ಮೊದಲೇ ಗೊತ್ತುಮಾಡಿದ ಮೊತ್ತ ಸಿಗುತ್ತದೆಯೇ ಹೊರತು, ಆಟ ಕೋಟಿಗಟ್ಟಲೆ ಮಾರಾಟವಾದಾಗ ಅದರಲ್ಲಿ ಪಾಲು ಸಿಗುವುದಿಲ್ಲ. ನೀವು ಸ್ವಂತ ಆಟ ತಯಾರಿಸಲು ಹೊರಟಿರುವುದು ನನಗೆ ಸಂತೋಷ ತಂದಿರುವುದು ಇದಕ್ಕಾಗಿಯೇ.

ಲೆಕ್ಕವನ್ನು ಮಾತ್ರ ಈಗಲೇ ಹಾಕಿಕೊಳ್ಳಿ. ಸ್ಟೀಮ್‌ನಲ್ಲಿ ಮಾರಿದರೆ 30 ಪ್ರತಿಶತ ಅಂಗಡಿಯದು. ಮಾರಾಟ 1 ಕೋಟಿ ಡಾಲರ್ ದಾಟಿದ ಮೇಲಷ್ಟೇ ಆ ಪಾಲು 25ಕ್ಕೆ ಇಳಿಯುತ್ತದೆ. ಕೊಂಡವರು ಎರಡು ವಾರದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಹಿಂದಕ್ಕೆ ಕೇಳಬಹುದು. ಆದ್ದರಿಂದ ಮೊದಲ ಎರಡು ಗಂಟೆಯ ಆಟವನ್ನು ಎಲ್ಲಕ್ಕಿಂತ ಹೆಚ್ಚು ತಿದ್ದಬೇಕು. 2015ರಿಂದ ಅಲ್ಲಿ ರೂಪಾಯಿಯಲ್ಲಿ ಬೆಲೆಯಿಡಲು ಅವಕಾಶವಿದೆ. ನಮ್ಮ ದೇಶದ ಬೆಲೆಯನ್ನು ಅಮೆರಿಕದ ಬೆಲೆಗಿಂತ ಸಾಕಷ್ಟು ಕಡಿಮೆ ಇಟ್ಟು, ಖರ್ಚು ಹುಟ್ಟುವ ಲೆಕ್ಕವನ್ನು ಹೊರದೇಶದ ಮಾರಾಟದ ಮೇಲೆ ಹಾಕಿಕೊಳ್ಳಿ. ನಿಮ್ಮ ಆಟ ಯಾವ ಬಗೆಯದು, ತಂಡದಲ್ಲಿ ಚಿತ್ರ ಬರೆಯುವವರಿದ್ದಾರೆಯೇ ಎಂಬುದನ್ನು ತಿಳಿಸಿದರೆ, ಆ ಭಾಗದ ಖರ್ಚಿನ ಅಂದಾಜನ್ನು ನಾನು ಹಾಕಿಕೊಡುತ್ತೇನೆ.