ಸೀಳಿದ ಫೈಬರ್ ಬಂಪರ್‌ಗೆ ಎಂ-ಸೀಲ್ ಸಾಕೇನು?

ಅಣ್ಣಾರ, ಹುಮನಾಬಾದ್ ಕಡೆ ಸ್ಪೀಡ್ ಬ್ರೇಕರ್‌ಗೆ ಬಡದು ಫೈಬರ್ ಬಂಪರ್ ಸೀಳ್ಯದ, ಮ್ಯಾಲಿಂದ ಎಂ-ಸೀಲ್ ಹಚ್ಚಿದ್ರ ನಡೀತದೇನು ಅಂತ ಕೇಳೀರಿ, ನಡಿಯಂಗಿಲ್ರಿ, ಗಾಡಿ ಅಲುಗಾಡಿದಂಗ ಅದೇ ಗೆರಿ ಮತ್ತ ಬಾಯಿ ಬಿಡ್ತದ. ಮೊದಲ ಒಳಗಡೆ ನೋಡ್ರಿ, ಪಿಪಿ (PP, ಪಾಲಿಪ್ರೊಪಿಲೀನ್) ಅಂತ ಅಚ್ಚು ಇದ್ರ ಅದು ಪ್ಲಾಸ್ಟಿಕ್, ಅದಕ್ಕ ರೆಸಿನ್ (ಫೈಬರ್ ಕೂಡಿಸೋ ಅಂಟು ದ್ರವ) ಹಿಡಿಯಂಗಿಲ್ಲ, ಪ್ಲಾಸ್ಟಿಕ್ ವೆಲ್ಡಿಂಗೇ ಮಾಡಿಸ್ರಿ. ಸೀಳಿದಲ್ಲಿ ಗಾಜಿನ ಎಳಿ ಬಿಳಿಬಿಳಿ ಕಂಡ್ರ ಫೈಬರ್ ಖರೇನ.

ಸೀಳಿನ ಎರಡೂ ತುದಿಗೆ 3 ಎಂಎಂ ತೂತು ಹಾಕ್ರಿ, ಮುಂದ ಹರಿಯಂಗಿಲ್ಲ. ಹೊರಗ ಟೇಪ್ ಹಚ್ಚಿ ಗೆರಿ ಸರಿ ಕೂಡಿಸಿ, ಒಳಗಿನ ಮೈ 80 ನಂಬರ್ ಸ್ಯಾಂಡ್ ಪೇಪರ್‌ಲೆ ಚಂದಾಗಿ ತಿಕ್ಕಿ, ಅಸಿಟೋನ್‌ಲೆ ಒರೆಸಿ, ಫೈಬರ್ ಮ್ಯಾಟ್ (ಗಾಜಿನ ಎಳಿ ಹಾಸು) ಎರಡು-ಮೂರು ಪದರ, ಒಂದಕ್ಕಿಂತ ಒಂದು ದೊಡ್ಡದು, ಹಾರ್ಡನರ್ (ಗಟ್ಟಿ ಮಾಡೋ ದ್ರವ) ಕಲಸಿದ ಪಾಲಿಯೆಸ್ಟರ್ ರೆಸಿನ್‌ನಾಗ ನೆನಸಿ ಕೂಡಿಸ್ರಿ, ಬ್ರಶ್‌ಲೆ ಕುಟ್ಟಿ ಕುಟ್ಟಿ ಗಾಳಿ ಗುಳ್ಳಿ ತಗೀರಿ, ಗುಳ್ಳಿ ಉಳದಲ್ಲೇ ಮತ್ತ ಬಿಡ್ತದ ನೋಡ್ರಿ. 100 ಗ್ರಾಂ ರೆಸಿನ್‌ಗೆ ಹಾರ್ಡನರ್ 1-2 ಗ್ರಾಂ ಅಷ್ಟೇ, ನಮ್ಮ ಕಲಬುರಗಿ ಬಿಸಲಾಗ ಮಧ್ಯಾಹ್ನ ಕಲಸಿದ್ರ ಡಬ್ಬ್ಯಾಗೇ ಗಟ್ಟಿ ಆಗ್ತದ, ಮುಂಜಾನೆ ನೆಳ್ಳಾಗ ಸ್ವಲ್ಪಸ್ವಲ್ಪ ಕಲಸ್ರಿ. ಆ ಹಾರ್ಡನರ್ ಕಣ್ಣಿಗೆ ಸಿಡಿದ್ರ ಕಣ್ಣೇ ಹೋಗೋವಂಥದ್ದು, ಕನ್ನಡಕ ಹಾಕ್ಕೊಳ್ರಿ, ತಿಕ್ಕುವಾಗ ಮಾಸ್ಕ್ ಬೇಕೇಬೇಕು. ಒಣಗಿದ ಮ್ಯಾಲ ಹೊರಗಿನ ಸೀಳು ವಿ ಆಕಾರ ಕೊರದು ಪುಟ್ಟಿ, ಪ್ರೈಮರ್, ಆಮ್ಯಾಲ ಪೇಂಟ್.