ನಿಮ್ಮ ಲೇಖನ ಮೂರನೇ ಪುಟದಿಂದ ಶುರುವಾಗಲಿ

ನಮಸ್ಕಾರ.

ಇಂಗ್ಲೆಂಡಿನ ಡೆವನ್‌ನಿಂದ ನೀವು ಕಳಿಸಿದ ‘ವಸಂತದ ರಾಣಿ ಪ್ರಿಮ್‌ರೋಸ್’ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ನೀವು ಮೂರನೇ ಪುಟದಲ್ಲಿ ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅದು ಯಾವುದು ಅಂತ ಹೇಳುವುದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲ ಎರಡು ಪುಟಗಳ ವಿಷಯ ನೋಡೋಣ. ‘ಪ್ರಕೃತಿ ಮಾತೆಯ ಮಡಿಲಲ್ಲಿ ನಗುವ ಕಂದಮ್ಮ’, ‘ಚಳಿಗಾಲದ ಮುಸುಕು ಸರಿಸಿ ಬರುವ ಚೆಲುವೆ’. ಈ ಮಾತುಗಳು ಯಾವ ಹೂವಿಗೂ ಹೊಂದುತ್ತವೆ. ಹಾಗಾಗಿ ಪ್ರಿಮ್‌ರೋಸ್ ಬಗ್ಗೆ ಏನೂ ಹೇಳುವುದಿಲ್ಲ. ನಿಮ್ಮ ಹೂವಿನ ಬಣ್ಣ ಯಾವುದು ಅಂತ ಆ ಎರಡು ಪುಟಗಳಲ್ಲಿ ಎಲ್ಲೂ ಇಲ್ಲ ನೋಡಿ. ನಮ್ಮ ಓದುಗರಲ್ಲಿ ಹೆಚ್ಚಿನವರು ಈ ಗಿಡವನ್ನೇ ಕಂಡವರಲ್ಲ. ತೀರಾ ತಿಳಿ ಹಳದಿ ಎಸಳು, ನಡುವೆ ಗಾಢ ಹಳದಿ, ನೆಲಕ್ಕೆ ಅಂಟಿಕೊಂಡಂತೆ ಸುತ್ತ ಹರಡಿದ ಸುಕ್ಕು ಎಲೆ, ಒಂದೊಂದು ಹೂವಿಗೂ ಬೇರೆ ಬೇರೆ ತೊಟ್ಟು. ಇಷ್ಟು ಹೇಳಿದರೂ ಸಾಕು, ಓದುಗರಿಗೆ ಗಿಡ ಕಾಣುತ್ತದೆ.

ಈಗ ಆ ಎರಡು ಸಾಲು. ನೀವು ಬರೆದದ್ದು ಹೀಗೆ: ‘ನಮ್ಮ ಹಿತ್ತಲಿನ ಕೆಲವು ಗಿಡಗಳಲ್ಲಿ ಹೂವಿನ ಬಾಯಿಗೆ ಹಸಿರು ಗುಂಡುಸೂಜಿಯ ತಲೆಯಂಥದ್ದು ಬಂದಿರುತ್ತದೆ. ಇನ್ನು ಕೆಲವು ಗಿಡಗಳಲ್ಲಿ ಅದು ಬೆಳೆದೇ ಇಲ್ಲ, ಬರೀ ಹಳದಿ ಕೇಸರ ಕಾಣುತ್ತದೆ, ಬಹುಶಃ ಗೊಬ್ಬರ ಸಾಲದೆ ಇರಬೇಕು.’

ಗೊಬ್ಬರಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ನೀವು ನೋಡಿದ್ದು ಸರಿಯಾಗಿದೆ, ತುಂಬ ಚೆನ್ನಾಗಿ ನೋಡಿದ್ದೀರಿ. ಪ್ರಿಮ್‌ರೋಸ್ ಗಿಡಗಳಲ್ಲಿ ಎರಡು ಬಗೆ. ಒಂದು ಬಗೆಯ ಹೂವಿನಲ್ಲಿ ಹೆಣ್ಣು ಭಾಗವಾದ ಶಲಾಕೆ ಉದ್ದ. ಅದರ ತುದಿ ಹೂವಿನ ಬಾಯಿಗೆ ಬಂದು ನಿಂತಿರುತ್ತದೆ, ಪರಾಗ ಹೊತ್ತ ಕೇಸರಗಳು ಹೂವಿನ ಕೊಳವೆಯ ಅರ್ಧದಲ್ಲಿ ಅಡಗಿರುತ್ತವೆ. ಇದನ್ನು ಅಲ್ಲಿನವರು ಪಿನ್ ಅನ್ನುತ್ತಾರೆ. ಇನ್ನೊಂದು ಥ್ರಮ್. ಇದರಲ್ಲಿ ಎಲ್ಲ ತಿರುಗುಮುರುಗು: ಕೇಸರಗಳು ಬಾಯಲ್ಲಿ, ಗಿಡ್ಡ ಶಲಾಕೆ ಒಳಗೆ ಅರ್ಧದಲ್ಲಿ. ಒಂದು ಗಿಡದಲ್ಲಿ ಎಷ್ಟು ಹೂ ಬಿಟ್ಟರೂ ಎಲ್ಲ ಒಂದೇ ಬಗೆ.

ಯಾಕೆ ಹೀಗೆ? ಉದ್ದ ನಾಲಿಗೆಯ ದುಂಬಿ ಥ್ರಮ್ ಹೂವಿಗೆ ನಾಲಿಗೆ ಹಾಕಿದಾಗ ಪರಾಗ ಅಂಟುವುದು ನಾಲಿಗೆಯ ಬುಡದ ಕಡೆ. ಅದೇ ದುಂಬಿ ಪಿನ್ ಹೂವಿಗೆ ಹೋದರೆ ಆ ಜಾಗ ಸರಿಯಾಗಿ ಶಲಾಕೆಯ ತುದಿಗೆ ತಾಗುತ್ತದೆ. ಪಿನ್ ಹೂವಿನ ಪರಾಗ ನಾಲಿಗೆಯ ತುದಿಯ ಕಡೆ ಅಂಟಿ, ಥ್ರಮ್ ಹೂವಿನ ಒಳಗಿನ ಶಲಾಕೆಗೆ ತಲುಪುತ್ತದೆ. ಒಂದು ಬಗೆಯ ಹೂವಿಗೆ ಇನ್ನೊಂದು ಬಗೆಯ ಪರಾಗ ಬಿದ್ದಾಗಲೇ ಬೀಜ ಚೆನ್ನಾಗಿ ಕಟ್ಟುತ್ತದೆ. ಇದನ್ನು ಗಿಡದಿಂದ ಗಿಡಕ್ಕೆ ಪರಾಗ ಹಾಕಿ, ಬೀಜ ಎಣಿಸಿ ತೋರಿಸಿದವರು ಚಾರ್ಲ್ಸ್ ಡಾರ್ವಿನ್. ಅವರ ಪ್ರಬಂಧ 1862ರಲ್ಲಿ ಅಚ್ಚಾಯಿತು. ಅವರು ಕೆಲಸ ಮಾಡಿದ್ದು ಇಂಗ್ಲೆಂಡಿನ ಕೆಂಟ್‌ನ ತಮ್ಮ ಮನೆಯಲ್ಲಿ. ನಿಮ್ಮ ಇಟ್ಟಿಗೆ ದಾರಿಯ ಸಂದಿಗಳಲ್ಲಿ ಸುಮ್ನೆ ಸಸಿ ಏಳುತ್ತಿವೆ ಅಂದಿದ್ದೀರಲ್ಲ, ಹಿತ್ತಲಲ್ಲಿ ಎರಡೂ ಬಗೆ ಇರುವುದಕ್ಕೇ ಬೀಜ ಅಷ್ಟು ಚೆನ್ನಾಗಿ ಕಟ್ಟಿದೆ. ಬೀಜಕ್ಕೆ ಇರುವೆಗೆ ಇಷ್ಟವಾಗುವ ಒಂದು ಎಣ್ಣೆಯ ಗಂಟು ಅಂಟಿರುತ್ತದೆ. ಅದರ ಆಸೆಗೆ ಇರುವೆಗಳು ಬೀಜ ಹೊತ್ತುಕೊಂಡು ಹೋಗುತ್ತವೆ.

ಇದು ನಿಮ್ಮ ಲೇಖನ. ಇದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಬೇರೆಯವರ ಪುಸ್ತಕದಿಂದ ತೆಗೆಯಬೇಕಾಗಿಲ್ಲ.

ಪ್ರಿಮ್‌ರೋಸ್‌ನ ಸಂಬಂಧಿಗಳ ಭಾಗಕ್ಕೆ ಬರೋಣ. ಇಲ್ಲಿ ತಪ್ಪುಗಳು ಜಾಸ್ತಿ. ಈವ್ನಿಂಗ್ ಪ್ರಿಮ್‌ರೋಸ್ ಹೆಸರಿನಲ್ಲಿ ಮಾತ್ರ ಪ್ರಿಮ್‌ರೋಸ್. ಅದು ಫ್ಯೂಷಿಯಾದ ಕುಟುಂಬದ್ದು. ಕೇಪ್ ಪ್ರಿಮ್‌ರೋಸ್ ಆಫ್ರಿಕನ್ ವಯಲೆಟ್‌ನ ಕಡೆಯದು. ಎರಡನ್ನೂ ತೆಗೆದುಬಿಡಿ. ಬದಲಿಗೆ ಸೈಕ್ಲಮೆನ್ ಸೇರಿಸಿ, ಅದು ನಿಜವಾದ ನೆಂಟ. ಇನ್ನೊಂದು ನೆಂಟ ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ: ಹೊಟ್ಟೆಹುಳಕ್ಕೆ ಔಷಧಿಯಾಗಿ ಬಳಸುವ ವಾಯುವಿಳಂಗ. ಹೊಸ ವರ್ಗೀಕರಣದಲ್ಲಿ ಆ ಬಳ್ಳಿಯೂ ಪ್ರಿಮ್‌ರೋಸ್ ಕುಟುಂಬಕ್ಕೇ ಸೇರುತ್ತದೆ. ಕನ್ನಡದ ಓದುಗರಿಗೆ ಈ ಒಂದು ಮಾತು ಸಿಕ್ಕರೆ ದೂರದ ಹೂವು ಹತ್ತಿರವಾಗುತ್ತದೆ, ಅಲ್ವಾ?

‘ಪ್ರಿಮುಲಾಗಳಿಗೆಲ್ಲ ತೇವ ಇಷ್ಟ’ ಎಂಬ ಸಾಲು ಹಾಗೇ ನಿಲ್ಲುವುದಿಲ್ಲ. ಪ್ರಿಮುಲಾ ಅಂದರೆ ಪ್ರಿಮ್‌ರೋಸ್ ಸೇರಿದ ಗಿಡಗಳ ಇಡೀ ಗುಂಪು. ಸಸ್ಯಗಳನ್ನು ಹುಡುಕುತ್ತ ತಿರುಗಿದ ಫ್ರಾಂಕ್ ಕಿಂಗ್ಡನ್ ವಾರ್ಡ್ 1924ರಲ್ಲಿ ಟಿಬೆಟ್‌ನಲ್ಲಿ ಕಂಡ ಫ್ಲೋರಿಂಡೆ ಎಂಬ ಪ್ರಿಮುಲಾ ಹೊಳೆ ಬದಿಯ ಗಿಡ, ಕೆಸರಿನಲ್ಲೂ ಸುಖವಾಗಿರುತ್ತದೆ. ಆದರೆ ಅರಿಕ್ಯುಲಾ ಎಂಬ ಇನ್ನೊಂದು ಪ್ರಿಮುಲಾ ಆಲ್ಪ್ಸ್ ಬಂಡೆಗಳ ನಡುವಿನದು, ಬೇರಿನಲ್ಲಿ ನೀರು ನಿಂತರೆ ಕೊಳೆಯುತ್ತದೆ. ಪ್ರದರ್ಶನಕ್ಕೆಂದು ಬೆಳೆಸುವ ಅರಿಕ್ಯುಲಾಗಳಲ್ಲಿ ಎಷ್ಟೋ ತಳಿಗಳ ಎಲೆ, ಹೂವಿನ ಮೇಲೆ ಬಿಳಿ ಹುಡಿ ಇರುತ್ತದೆ. ಒಂದು ಮಳೆ ಬಿದ್ದರೆ ಆ ಹುಡಿ ತೊಳೆದುಹೋಗಿ ಅಂದ ಕೆಡುತ್ತದೆ. ಅದಕ್ಕೇ ಅವನ್ನು ಸೂರಿನಡಿ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಡುವ ಪದ್ಧತಿ ಬಂತು. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಕಾಕ್ ಆಬಿ ಎಂಬ ಹಳೆಯ ಬಂಗಲೆಯ ತೋಟದಲ್ಲಿ ಅಂಥ ಹಳೆಯ ಅರಿಕ್ಯುಲಾ ಥಿಯೇಟರ್ ಇದೆ. ಒಮ್ಮೆ ಹೋಗಿ ನೋಡಿ, ಅದರ ಮೇಲೆ ಬೇರೆಯದೇ ಲೇಖನ ಬರೆಯಬಹುದು.

ಒಂದು ಸಾಲನ್ನು ಮಾತ್ರ ಖಂಡಿತ ತೆಗೆಯಲೇಬೇಕು. ಒಬ್ಕೊನಿಕಾ ಎಂಬ ಪ್ರಿಮುಲಾವನ್ನು ‘ಮಕ್ಕಳ ಕೋಣೆಗೆ ಹೇಳಿ ಮಾಡಿಸಿದ ಕುಂಡದ ಗಿಡ’ ಎಂದಿದ್ದೀರಿ. ಅದರ ಎಲೆಯ ಮೇಲಿನ ಸಣ್ಣ ಕೂದಲುಗಳಲ್ಲಿ ಪ್ರಿಮಿನ್ ಎಂಬ ವಸ್ತು ಇರುತ್ತದೆ. ಅದು ಒಗ್ಗದವರು ಮುಟ್ಟಿದರೆ ಚರ್ಮ ಕೆಂಪಾಗಿ ತುರಿಕೆ, ಗುಳ್ಳೆ ಏಳುತ್ತದೆ. ಪ್ರಿಮಿನ್ ಇಲ್ಲದ ತಳಿಗಳು ಈಗ ಬಂದಿವೆ. ಹಾಗಾಗಿ ಚೀಟಿ ನೋಡಿ ಕೊಳ್ಳಿ ಅಂತ ಬರೆಯಿರಿ. ಹೂವಿನ ಲೇಖನದಲ್ಲಿ ಅಂದಕ್ಕಿಂತ ಮೊದಲು ಇಂಥದ್ದನ್ನು ಪರೀಕ್ಷಿಸಬೇಕು.

ಬೆಳೆಸುವ ಕ್ರಮದಲ್ಲಿ ‘ಸಕಾಲಕ್ಕೆ ಬುಡ ಬೇರ್ಪಡಿಸಿ’, ‘ಬೀಜವನ್ನು ಸರಿಯಾಗಿ ಬಿತ್ತಿ’ ಎಂದಿದೆ. ಸಕಾಲ ಯಾವುದು, ಸರಿಯಾಗಿ ಅಂದರೆ ಹೇಗೆ? ಹೂ ಮುಗಿದ ಕೂಡಲೇ, ಎರಡು ಮೂರು ವರ್ಷಕ್ಕೊಮ್ಮೆ ಬುಡ ಕಿತ್ತು ಬೇರ್ಪಡಿಸಬೇಕು. ಬೀಜ ತಾಜಾ ಇದ್ದಷ್ಟೂ ಒಳ್ಳೆಯದು, ಮಣ್ಣಿನ ಮೇಲೇ ಚೆಲ್ಲಬೇಕು, ಬೆಳಕು ಬೇಕು. ಹಳೆಯ ಬೀಜವಾದರೆ ಮೊದಲು ಚಳಿ ತಾಗಬೇಕು. ಗಿಡ ಕಾರಣವಿಲ್ಲದೆ ಬಾಡಿದರೆ ಬೇರು ತಿನ್ನುವ ವೈನ್ ವೀವಿಲ್ ಎಂಬ ಕೀಟದ ಮರಿಹುಳ ಇದೆಯಾ ಅಂತ ಮಣ್ಣು ಕೆದಕಿ ನೋಡಬೇಕು. ‘ದಾರಿಬದಿಯ ಬದುಗಳಿಂದ ಕಿತ್ತು ತರಬಹುದು’ ಎಂಬುದನ್ನೂ ತೆಗೆಯಿರಿ. ಜಾಗದ ಒಡೆಯರ ಒಪ್ಪಿಗೆ ಇಲ್ಲದೆ ಕಾಡು ಗಿಡ ಕೀಳುವುದು ಅಲ್ಲಿ 1981ರ ಕಾಯ್ದೆಯ ಪ್ರಕಾರ ಅಪರಾಧ.

ಕೊನೆಯ ಪ್ಯಾರಾದಲ್ಲಿ ‘ಕರ್ನಾಟಕದ ಗೃಹಿಣಿಯರೇ, ನೀವೂ ಬೆಳೆಸಿ’ ಎಂದು ಕರೆ ಕೊಟ್ಟಿದ್ದೀರಿ. ಬೇಡ. ಈ ಗಿಡಕ್ಕೆ ಚಳಿಗಾಲದ ಚಳಿಯೂ ಬೇಕು, ಬೇಸಿಗೆಯಲ್ಲಿ ತಂಪೂ ಬೇಕು. ರಾಯಚೂರಿನಲ್ಲಿ, ದಾವಣಗೆರೆಯಲ್ಲಿ ಕೂತು ಓದುವವರು ದುಡ್ಡು ಕೊಟ್ಟು ಬೀಜ ತರಿಸಿ ಬೇಸರ ಪಟ್ಟುಕೊಳ್ಳುವುದು ಬೇಡ. ಅವರು ಬೆಳೆಸದಿದ್ದರೂ ಓದುತ್ತಾರೆ. ನಿಮ್ಮ ಕಣ್ಣಿನಿಂದ ಡೆವನ್ ನೋಡುವುದೇ ಅವರಿಗೆ ಸಿಗುವ ಲಾಭ.

ಮತ್ತೆ ಬರೆಯುವಾಗ ಗುಂಡುಸೂಜಿಯ ಸಾಲಿನಿಂದಲೇ ಶುರು ಮಾಡಿ. ಅದಕ್ಕೆ ಮೊದಲು ಹಿತ್ತಲಿನ ಗಿಡಗಳಲ್ಲಿ ಪಿನ್ ಎಷ್ಟು, ಥ್ರಮ್ ಎಷ್ಟು ಎಣಿಸಿ. ಸಾಮಾನ್ಯವಾಗಿ ಹೆಚ್ಚುಕಡಿಮೆ ಅರ್ಧ ಅರ್ಧ ಇರುತ್ತವೆ, ನಿಮ್ಮಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಎರಡು ಬಗೆಯ ಒಂದೊಂದು ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟು, ನೆರಳಿನಲ್ಲಿ ಫೋಟೋ ತೆಗೆಯಿರಿ. ಮೊಬೈಲ್ ಫೋಟೋ ಸಾಕು, ಆದರೆ ಕೊಳವೆಯ ಒಳಭಾಗ ಸ್ಪಷ್ಟವಾಗಿ ಕಾಣಬೇಕು. ಹೂ ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಬರೆಯುವುದಕ್ಕೆ ಅವಸರ ಇಲ್ಲ, ಮೇ ತಿಂಗಳ ಕೊನೆಯೊಳಗೆ ಕಳಿಸಿದರೂ ಆಗುತ್ತದೆ. ಬಂದ ಕೂಡಲೇ ಓದಿ ಉತ್ತರ ಬರೆಯುತ್ತೇನೆ.